ಪಿಯಾನೋಗೆ ಕಟ್ಟಿದ ಚಂದ್ರಿಕೆ

ಶಶಿಧರನ ಬಾಯಲ್ಲಿ "ಮೆಕ್ಯಾನಿಕ್ಕನ್ನ ಕರೆಸೋಣ" ಎಂಬ ಮಾತು ಹುಟ್ಟಿದ್ದೇ ಇಲ್ಲ. "ನಾನು ನೋಡ್ಕೋತೀನಿ" ಎಂಬುದೊಂದೇ ಅವನ ಮಂತ್ರ. ಮಿಕ್ಸಿ ನಿಂತರೂ ಅವನೇ, ಮೋಟರು ಸುಟ್ಟರೂ ಅವನೇ, ಪಕ್ಕದ ಮನೆಯ ಮದುವೆಯಲ್ಲಿ ಮೈಕು ಕೈಕೊಟ್ಟರೂ ಅವನೇ. ಹೇಳಿ ಕೇಳಿ ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಕೆಲಸ. ಕಾವೇರಿಯಿಂದಲೇ ಕರೆಂಟು ತೆಗೆಯುವ ಮನುಷ್ಯನಿಗೆ ಒಂದು ಮಿಕ್ಸಿ ಯಾವ ಲೆಕ್ಕ! ಬಿಚ್ಚಿದ ಮಿಕ್ಸಿ ಆಮೇಲೆ ತಿರುಗಿತೋ ಇಲ್ಲವೋ ಎಂದು ಕೇಳುವವರು ಅವನ ಪ್ರಕಾರ ಹೊಟ್ಟೆಕಿಚ್ಚಿನವರು.

ಆ ಶನಿವಾರ ಬೆಳಿಗ್ಗೆ ಹೆಂಡತಿ ಸೌಮ್ಯ ಪಿಯಾನೋ ಮುಂದೆ ಮುಖ ಊದಿಸಿಕೊಂಡು ಕೂತಿದ್ದಳು. ಅವಳು ಮಳವಳ್ಳಿಯ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಚಿಕ್ಕಂದಿನ ಆಸೆಯನ್ನು ನಲವತ್ತು ದಾಟಿದ ಮೇಲೆ ಈಡೇರಿಸಿಕೊಳ್ಳಲು ಹೊರಟು, ಡಿಜಿಟಲ್ ಪಿಯಾನೋ ಕೊಂಡು, ಆನ್‌ಲೈನಿನಲ್ಲಿ ಪಾಠ ಹೇಳಿಸಿಕೊಂಡು, ಈಗ ಮೊದಲ ಪರೀಕ್ಷೆಗೆ ಕಟ್ಟಿದ್ದಳು. ನುಡಿಸಿದ್ದನ್ನು ಫೋನಿನಲ್ಲಿ ವಿಡಿಯೋ ಮಾಡಿ ಭಾನುವಾರ ಸಂಜೆಯೊಳಗೆ ಕಳಿಸಬೇಕು. ತಪ್ಪಿದರೆ ಮುಂದಿನ ವರ್ಷವೇ ಗತಿ.

ಪಿಯಾನೋ ಮನೆಗೆ ಬಂದ ದಿನ ಅದರ ಮೈಗಿದ್ದ ಅಂಗಡಿಯ ಪ್ಲಾಸ್ಟಿಕ್ಕನ್ನು ತೆಗೆಯಲು ಶಶಿಧರ ಬಿಟ್ಟಿರಲಿಲ್ಲ. ಬೆರಳಾಡುವಷ್ಟು ಜಾಗ ಮಾತ್ರ ಬ್ಲೇಡಿನಲ್ಲಿ ಕೊಯ್ದು, ಸುತ್ತಲೂ ಟೇಪು ಹೊಡೆದಿದ್ದ. ಆ ಮನೆಯಲ್ಲಿ ರಿಮೋಟು, ಸೋಫಾ, ಬೈಕಿನ ಸೀಟು ಎಲ್ಲವೂ ಹುಟ್ಟುಡುಗೆಯಲ್ಲೇ ಬಾಳುತ್ತಿದ್ದವು. ಕೂತರೆ ಬೆವರು, ಎದ್ದರೆ ಪರಪರ ಸದ್ದು, ಆದರೂ ಎಲ್ಲವೂ ಹೊಸದು.

"ರೀ, ಹೆಡ್‌ಫೋನಲ್ಲಿ ಜೇನು ಸುರಿದ ಹಾಗಿದೆ. ಹೆಡ್‌ಫೋನ್ ಕಿತ್ತು ಎಡಗೈ ಒತ್ತಿದ್ರೆ ಡಬ್ಬಿಯೊಳಗೆ ಜೀರುಂಡೆ ಬಿಟ್ಟಂಗೆ ಝರ್ರ್ ಅನ್ನುತ್ತೆ. ಇದನ್ನ ಹೆಂಗ್ರೀ ಕಳ್ಸೋದು?"

"ನಾನು ನೋಡ್ಕೋತೀನಿ."

"ನನಗಿರೋ ಭಯವೂ ಅದೇ."

ಶಶಿಧರ ಮೊದಲು ವೈರು ಬದಲಾಯಿಸಿದ. ಝರ್ರ್. ಅರ್ಥಿಂಗ್ ಗುಂಡಿಗೆ ಉಪ್ಪು ಸುರಿದು ಕೊಡಗಟ್ಟಲೆ ನೀರು ಹೊಯ್ದ. ಝರ್ರ್. ಪಿಯಾನೋದ ಕಾಲಿಗೆ ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ತೊಡಿಸಿದ. ಚಪ್ಪಲಿ ಹಾಕಿಕೊಂಡ ಪಿಯಾನೋ ಇನ್ನಷ್ಟು ಗತ್ತಿನಿಂದ ಝರ್ರ್ ಎಂದಿತು. ಕಡೆಗೆ ಫೋನಿನಲ್ಲಿ ಯಾರೋ ಪಂಡಿತನ ವಿಡಿಯೋ ನೋಡಿ ತೊಡೆ ತಟ್ಟಿಕೊಂಡು ಎದ್ದ.

"ಸೌಮ್ಯ, ತಪ್ಪು ಪಿಯಾನೋದ್ದಲ್ಲ, ಗೋಡೇದು. ನುಣ್ಣನೆ ಗೋಡೆಗೆ ಸೌಂಡು ಬಡಿದು ವಾಪಸ್ ಬರ್ತಿದೆ. ಗೋಡೆ ತುಂಬ ಉಬ್ಬುತಗ್ಗಿನ ಹಲಗೆ ಹಾಕಿದ್ರೆ ಮುಗೀತು."

"ನಾಳೆಯೊಳಗೆ ಹಲಗೆ ಎಲ್ಲಿಂದ ತರ್ತೀರಿ?"

ಶಶಿಧರನ ಕಣ್ಣು ಹಿತ್ತಲಿಗೆ ಹೋಯಿತು. ಅಲ್ಲಿ ಅವನ ತಾಯಿ ಸಣ್ಣತಾಯಮ್ಮನ ರೇಷ್ಮೆ ಸಾಕಣೆಯ ಮನೆ. ಅದರ ಗೋಡೆಗೆ ಚಂದ್ರಿಕೆಗಳು ಒರಗಿ ನಿಂತಿದ್ದವು. ಹುಳ ಗೂಡು ಕಟ್ಟಲೆಂದು ಬಿದಿರಿನಲ್ಲಿ ಸುರುಳಿ ಸುರುಳಿಯಾಗಿ ಹೆಣೆದ, ಆಳೆತ್ತರದ ಚಂದ್ರಿಕೆಗಳು. ಇದಕ್ಕಿಂತ ಒಳ್ಳೆಯ ಉಬ್ಬುತಗ್ಗು ಯಾವ ದೇಶದಲ್ಲಿ ಸಿಕ್ಕೀತು?

ಸಣ್ಣತಾಯಮ್ಮ ಸೊಪ್ಪು ಹಾಕುತ್ತಿದ್ದವಳು ಅಡ್ಡ ಬಂದಳು. "ಲೇ, ಉಳ ನಾಕ್ನೇ ಜ್ವರ ಎದ್ದು, ಪೊರೆ ಬಿಟ್ಟು ಮೇದವೆ ಕಣ್ಲಾ. ಸೆಕೆ ಬ್ಯಾರೆ. ಯಾವ್ ಗಳಿಗೇಲಿ ಅಣ್ಣಾಗಿ ಗೂಡಿಗೆ ನಿಲ್ತವೋ ಏನೋ."

"ಮಂಗಳವಾರದ ತನಕ ಹಣ್ಣಾಗಲ್ಲ ಕಣವ್ವ. ಲೆಕ್ಕ ಹಾಕಿದ್ದೀನಿ."

"ನಿನ್ ಲೆಕ್ಕ ಉಳಕ್ಕೆ ಗೊತ್ತೇನ್ಲಾ?"

ಆದರೆ ಶಶಿಧರ ಆಗಲೇ ಚಂದ್ರಿಕೆ ಹೊತ್ತು ಪಿಯಾನೋ ಇದ್ದ ಹಾಲಿನೊಳಕ್ಕೆ ನಡೆದಿದ್ದ. ಗೋಡೆ ಕೊರೆದು, ಕೊಕ್ಕೆ ಹೊಡೆದು, ದಪ್ಪ ತಂತಿಯಿಂದ ಬ್ಲಫ್‌ನ ಕರೆಂಟು ಕಂಬಕ್ಕೆ ಬಿಗಿಯುವ ಹಾಗೆ ಬಿಗಿದ. "ಭೂಮಿ ನಡುಗಿದ್ರೂ ಇವು ಅಲ್ಲಾಡಲ್ಲ" ಎಂದು ಬೆವರು ಒರೆಸಿಕೊಂಡ. ಸೌಮ್ಯ ನುಡಿಸಿ ನೋಡಿದಳು.

"ಹೆಂಗಿದೆ?"

"ಝರ್ರ್ ಅನ್ನೋದು ಈಗ ತುಂಬ ಸ್ಪಷ್ಟವಾಗಿ ಕೇಳ್ತಿದೆ."

"ನೋಡಿದ್ಯಾ, ಕ್ವಾಲಿಟಿ ಹೆಚ್ಚಾಯ್ತು."

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಹಿತ್ತಲಿನಿಂದ ಸಣ್ಣತಾಯಮ್ಮನ ಕೂಗು ಕೇಳಿಸಿತು. ಹುಳ ಹಣ್ಣಾಗಿದ್ದವು. ಒಂದೆರಡಲ್ಲ, ತಟ್ಟೆಗೆ ತಟ್ಟೆಯೇ ಮೈ ಹೊಳಪೇರಿ, ಸೊಪ್ಪು ಬಿಟ್ಟು, ತಲೆಯೆತ್ತಿ ಜಾಗ ಹುಡುಕುತ್ತಿದ್ದವು. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಆಗಿಂದಾಗ ಚಂದ್ರಿಕೆಗೆ ಬಿಡದಿದ್ದರೆ ಕಂಡಕಂಡಲ್ಲಿ ನೂಲು ಬಿಟ್ಟು ಬೆಳೆಯೆಲ್ಲ ಹಾಳು. ಸುದ್ದಿ ಕೇಳಿದರೆ ಬೀದಿಯ ಹೆಂಗಸರು ಕರೆಯದೆಯೇ ಬಂದು ಹುಳ ಆಯ್ದುಕೊಡುವುದು ಅಲ್ಲಿಯ ವಾಡಿಕೆ. ಮಂಗಳಮ್ಮ, ಮಲ್ಲಿಗಮ್ಮ ಆಗಲೇ ಸೆರಗು ಸಿಕ್ಕಿಸಿಕೊಂಡು ಬಂದಿದ್ದರು.

ಶಶಿಧರ ತಂತಿ ಬಿಚ್ಚಲು ಓಡಿದ. ಬಿಚ್ಚಲು ಬರಲಿಲ್ಲ. ಎಳೆದ. ಗೋಡೆಯ ಗಾರೆ ಉದುರಿತು, ತಂತಿ ಜಗ್ಗಲಿಲ್ಲ. ಅದನ್ನು ಕತ್ತರಿಸುವ ಕಟ್ಟರು ಬ್ಲಫ್‌ನಲ್ಲಿತ್ತು.

"ಚಂದ್ರಿಕೆ ಉಳದ್ ತವ ಬರ್ದಿದ್ರೆ ಉಳವೇ ಚಂದ್ರಿಕೆ ತವ ಬತ್ತವೆ, ನಡೀರಮ್ಮ" ಎಂದು ಸಣ್ಣತಾಯಮ್ಮ ಬುಟ್ಟಿ ಹೊತ್ತು ಹಾಲಿಗೇ ನುಗ್ಗಿದಳು. ಅವಳ ಹಿಂದೆ ಮಿಕ್ಕ ಹೆಂಗಸರೂ. ನೋಡನೋಡುತ್ತಿದ್ದಂತೆ ಗೋಡೆ ತುಂಬ ಹುಳ ಹರಿದಾಡಿದವು.

ಸೌಮ್ಯ ಫೋನು ಹಿಡಿದು ಹಾಲಿನ ನಡುವೆ ನಿಂತಿದ್ದಳು. ವರ್ಷವೆಲ್ಲ ಅಡುಗೆ, ಸ್ಕೂಲು, ಪೇಪರ್ ತಿದ್ದುವುದರ ನಡುವೆ ಕದ್ದು ಕದ್ದು ಕಲಿತದ್ದೆಲ್ಲ ಈ ಹುಳಗಳ ಪಾಲಾಯಿತಲ್ಲ ಎಂದು ಅವಳಿಗೆ ಅಳುವೇ ಬಂತು. "ಅತ್ತೆ, ನನ್ನ ಪರೀಕ್ಷೆ..."

"ಅಳಬ್ಯಾಡ ಕಣವ್ವ. ಅವ್ಪಾಡಿಗೆ ಅವು ಗೂಡ್ ಕಟ್ಲಿ, ನಿನ್ಪಾಡಿಗ್ ನೀನು ನುಡ್ಸು. ಅವೇನು ನಿನ್ ತಪ್ಪು ಇಡಿಯಲ್ಲ."

ಗೂಡು ಕಟ್ಟುವ ಮೊದಲು ಹುಳ ಹೊಟ್ಟೆ ಖಾಲಿ ಮಾಡಿಕೊಳ್ಳುತ್ತದೆ. ಪಿಯಾನೋದ ನೆತ್ತಿಯ ಮೇಲಿದ್ದ ಚಂದ್ರಿಕೆಯಿಂದ ತೊಟಕ್ಕನೆ ಒಂದು ಹನಿ ಬಿತ್ತು. ಆಮೇಲೆ ಇನ್ನೊಂದು. ಆಮೇಲೆ ಸಣ್ಣ ಸೋನೆಯೇ ಹಿಡಿಯಿತು. ಶಶಿಧರನ ಮುಖ ಅರಳಿತು. "ನೋಡಿದ್ರಾ? ಪ್ಲಾಸ್ಟಿಕ್ ತೆಗೀಬೇಡಿ ಅಂದಿದ್ದೆ. ಇಲ್ದಿದ್ರೆ ಇವತ್ತು ಏನು ಗತಿ?"

"ಗಬ್ಬುನಾತ ಒಡೀತದೆ, ಬುಡ್ಲಾ" ಎಂದು ಸಣ್ಣತಾಯಮ್ಮ ಪಿಯಾನೋವನ್ನು ಗೋಡೆಯಿಂದ ಹಾಲಿನ ನಡುವಿಗೆ ಎಳೆಸಿದಳು. ಮಗ ಬೇಡ ಬೇಡ ಎನ್ನುತ್ತಿದ್ದಂತೆ ಪ್ಲಾಸ್ಟಿಕ್ಕನ್ನು ಟೇಪಿನ ಸಮೇತ ಸರ್ರನೆ ಕಿತ್ತು, ಸುರುಳಿ ಸುತ್ತಿ ಬಚ್ಚಲಿಗೆ ಒಯ್ದಳು.

ಸೌಮ್ಯ ಕಣ್ಣೊರೆಸಿಕೊಂಡು ಕೂತು, ಸಿಟ್ಟಿನಲ್ಲಿ ಎಡಗೈಯನ್ನು ಜೋರಾಗಿಯೇ ಒತ್ತಿದಳು.

ಝರ್ರ್ ಇಲ್ಲ. ತುಂಬಿದ ಕೊಡದಂಥ ಸ್ವರವೊಂದು ಹಾಲಿನಲ್ಲೆಲ್ಲ ನಿಧಾನವಾಗಿ ಹರಡಿತು. ಮಂಗಳಮ್ಮ ಹುಳ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಸೌಮ್ಯ ಇನ್ನೊಮ್ಮೆ ಒತ್ತಿದಳು. ಇಲ್ಲವೇ ಇಲ್ಲ. ಎಲ್ಲರೂ ಒಟ್ಟಿಗೆ ಶಶಿಧರನ ಕಡೆ ತಿರುಗಿದರು. ಅವನು ಫ್ಯಾನಿನ ರೆಕ್ಕೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ಎಲ್ಲಾರೂ ಸ್ವಲ್ಪ ಹೊತ್ತು ಮಾತಾಡಬೇಡಿ" ಎಂದಳು ಸೌಮ್ಯ. ನುಡಿಸಿದಳು. ಹೊತ್ತು ಮುಳುಗುವ ಮೊದಲು ವಿಡಿಯೋ ಹೋಯಿತು.

ಫಲಿತಾಂಶದಲ್ಲಿ ಸೌಮ್ಯ ಒಳ್ಳೆಯ ಅಂಕದಲ್ಲಿ ಪಾಸಾಗಿದ್ದಳು. ನಾದ ಶುದ್ಧವಾಗಿದೆ, ಹಿಂದಿನ ಗೋಡೆಯ ಬಿದಿರಿನ ಕೆಲಸವೂ ಸೊಗಸಾಗಿದೆ ಎಂದು ಪರೀಕ್ಷಕರು ಬರೆದಿದ್ದರು. ಶಶಿಧರನಿಗೆ ಅಷ್ಟು ಸಾಕಾಯಿತು. ಎರಡನೆಯ ಮಾತನ್ನಷ್ಟೇ ಬ್ಲಫ್‌ನಲ್ಲೆಲ್ಲ ಓದಿ ಹೇಳಿದ.

ಒಂದು ಸಂಜೆ ಜೊತೆಯಲ್ಲಿ ಕೆಲಸ ಮಾಡುವ ಜುನೈದ್ ಫೋನು ಮಾಡಿದ. ಅವನ ಮನೆಯ ಹೊಸ ಸ್ಪೀಕರು ಝರ್ರ್ ಅನ್ನುತ್ತಿತ್ತಂತೆ. ಶಶಿಧರ ಫೋನನ್ನು ಸ್ಪೀಕರಿಗೆ ಹಾಕಿ ಕಾಲ ಮೇಲೆ ಕಾಲು ಹಾಕಿದ. "ಯೋಚನೆ ಬಿಡು, ನಾನು ನೋಡ್ಕೋತೀನಿ. ಸೌಂಡು ಅಂದ್ರೆ ಗೋಡೆ ಕಣಯ್ಯ. ಮೊದಲು ನಾಲ್ಕು ಚಂದ್ರಿಕೆ..."

ಸೊಪ್ಪಿನ ಹೊರೆ ಹೊತ್ತು ಹೋಗುತ್ತಿದ್ದ ಸಣ್ಣತಾಯಮ್ಮ ಫೋನಿನ ಕಡೆ ಬಗ್ಗಿದಳು. "ಲೇ ಜುನೈದ, ಚಂದ್ರಿಕೆ ಗಿಂದ್ರಿಕೆ ಏನೂ ಬ್ಯಾಡ. ಅದರ ಮೇಲೆ ಅಂಗ್ಡಿ ಪ್ಲಾಸ್ಟಿಕ್ ಅಂಗೇ ಐತೇನ್ಲಾ?"

ಆ ಕಡೆಯಿಂದ ಪರಪರ ಸದ್ದು ಕೇಳಿಸಿತು.

"ಐತೆ ಕಣಮ್ಮ. ಯಾವ ಕಾರಣಕ್ಕೂ ತೆಗೀಬೇಡ ಅಂತ ಶಶಿಧರಣ್ಣನೇ ಟೇಪು ಹೊಡೆದು ಹೋಗವ್ರೆ."