ಸರ್ವರಿನಲ್ಲಿ ಮಹಾಪ್ರಭುಗಳ ಮುಖ

ಬಹಳ ಹಿಂದೆ, ಎಂದರೆ ಆಳುವವರಿಗೆ ಕನ್ನಡಿ ಸಾಲದೆ ಕ್ಯಾಮೆರಾ ಬೇಕೆನಿಸತೊಡಗಿದ ಕಾಲದಲ್ಲಿ, ಮುಖಮಂಡಲ ಎಂಬ ರಾಜ್ಯವಿತ್ತು. ಅದನ್ನು ಪ್ರಸನ್ನವದನ ಮಹಾಪ್ರಭುಗಳು ಆಳುತ್ತಿದ್ದರು. ಆ ರಾಜ್ಯದಲ್ಲಿ ಆಳುವುದು ಎಂದರೆ ಮುಖ್ಯವಾಗಿ ಫೋಟೋ ಹಾಕಿಸುವುದು. ಅಕ್ಕಿ ಮೂಟೆಯ ಮೇಲೆ ಪ್ರಭುಗಳು ನಗುತ್ತಿದ್ದರು, ಬಸ್ ನಿಲ್ದಾಣದಲ್ಲಿ ನಗುತ್ತಿದ್ದರು, ಮರಣ ಪ್ರಮಾಣಪತ್ರದ ಮೂಲೆಯಲ್ಲಿಯೂ ನಗುತ್ತಿದ್ದರು. ಸತ್ತವರ ಮನೆಯವರು ಅದನ್ನು ನೋಡಿ ಸಮಾಧಾನ ಪಟ್ಟುಕೊಳ್ಳತಕ್ಕದ್ದೆಂದು ಸುತ್ತೋಲೆಯೇ ಇತ್ತು.

ಈ ರಾಜ್ಯದ ಅನ್ನ ಒಂದು ಯಂತ್ರದ ಕೈಯಲ್ಲಿತ್ತು. ಪ್ರಜೆ ಉಗ್ರಾಣದ ಬಾಗಿಲಲ್ಲಿ ಹೆಬ್ಬೆಟ್ಟು ಒತ್ತಬೇಕು, ಅರಮನೆಯ ಹಿಂದಿನ ಯಂತ್ರಶಾಲೆಯಲ್ಲಿರುವ ಸರ್ವರ್ ಗುರುತು ಹಿಡಿದು "ಹೌದು" ಅನ್ನಬೇಕು, ಆಮೇಲೆ ಅಕ್ಕಿ. ಒಂದು ದಿನ ಆ ಮುದಿ ಸರ್ವರ್ ಕಣ್ಣು ಮುಚ್ಚಿತು. ಉಗ್ರಾಣಗಳೂ ಬಾಗಿಲು ಮುಚ್ಚಿದವು.

ಯಂತ್ರಶಾಲೆಯ ಅಧಿಕಾರಿ ಗುರುಪಾದಯ್ಯ ಅಂದೇ ಹೊಸ ಯಂತ್ರಕ್ಕೆ ಬರೆದ. ಕುಂಬಾರಗೇರಿಯಲ್ಲಿ ಒಂಟಿಯಾಗಿದ್ದ ಅವನ ಅಕ್ಕ ಶಾಂತವೀರಮ್ಮ ಉಣ್ಣುತ್ತಿದ್ದುದೂ ಅದೇ ಉಗ್ರಾಣದ ಅಕ್ಕಿಯನ್ನು. ತಮ್ಮನ ಹೆಂಡತಿಯ ಜೊತೆ ಮಾತು ಬಿಟ್ಟ ಮೇಲೆ ಆ ಮನೆಯ ಒಂದು ತುತ್ತನ್ನೂ ಅವಳು ಮುಟ್ಟುತ್ತಿರಲಿಲ್ಲ.

ಹೊಸ ಯಂತ್ರ ಬಂತು. ಅದಕ್ಕೆ ಜೀವ ತುಂಬಲು ಲಿನಕ್ಸ್ ಎಂಬ ತಂತ್ರಾಂಶ ಸಾಕೆಂದು ಗುರುಪಾದಯ್ಯ ತೀರ್ಮಾನಿಸಿದ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಬೇರೆ ಬೇರೆ ಗುಂಪಿನವರು ಅದನ್ನು ತಮಗೆ ಬೇಕಾದಂತೆ ಸಿದ್ಧಪಡಿಸಿ ಇಂಟರ್‌ನೆಟ್ಟಿನಲ್ಲಿ ಇಟ್ಟಿರುತ್ತಾರೆ. ಮನೆಯ ಕಂಪ್ಯೂಟರಿಗೆ ಒಂದು, ಶಾಲೆಗೆ ಒಂದು, ಸರ್ವರಿಗೆ ಒಂದು. ಆರಿಸಿ ಡೌನ್‌ಲೋಡ್ ಮಾಡಿಕೊಂಡರಾಯಿತು. ಗುರುಪಾದಯ್ಯ ಸರ್ವರಿಗೆಂದೇ ಮಾಡಿದ್ದನ್ನು ಆರಿಸಿದ. ಬಣ್ಣವಿಲ್ಲ, ಚಿತ್ರವಿಲ್ಲ, ಕಪ್ಪು ಪರದೆಯ ಮೇಲೆ ಮಿಟುಕುವ ಒಂದು ಬಿಳಿ ಗೆರೆ. ಬೆಳಗಿನ ತಿಂಡಿಗೆ ಮುಂಚೆ ಡೌನ್‌ಲೋಡ್ ಆಯಿತು, ಮಧ್ಯಾಹ್ನ ಉಗ್ರಾಣ ತೆರೆಯಿತು. ಆ ವಾರ ರಾಜ್ಯದಲ್ಲಿ ಎಲ್ಲರೂ ಉಂಡರು. ಯಾವ ಉದ್ಘಾಟನೆಯೂ ಇಲ್ಲದೆ ಉಂಡರೆಂಬ ಗಂಭೀರ ಲೋಪ ಆಮೇಲೆ ಬೆಳಕಿಗೆ ಬಂತು.

ಪ್ರಭುಗಳು ಮಹಾಮಂತ್ರಿ ಅನುಮೋದನಾಚಾರ್ಯರೊಡನೆ, ಛತ್ರ ಚಾಮರ ಮತ್ತು ಇಬ್ಬರು ವಿಡಿಯೋದವರ ಸಮೇತ ಯಂತ್ರಶಾಲೆಗೆ ಚಿತ್ತೈಸಿದರು.

"ಉಚಿತವೆ?" ಪ್ರಭುಗಳ ಹುಬ್ಬು ಗಂಟಿಕ್ಕಿತು. "ನಮ್ಮ ರಾಜ್ಯದಲ್ಲಿ ನಮ್ಮನ್ನು ಬಿಟ್ಟು ಉಚಿತ ಕೊಡುವವನು ಯಾರವನು?"

"ಒಬ್ಬನಲ್ಲ ಪ್ರಭು, ಸಾವಿರಾರು ಜನ ಸೇರಿ ಬರೆದದ್ದು," ಅಂದ ಗುರುಪಾದಯ್ಯ.

"ಅವರ ಫೋಟೋ ಎಲ್ಲಿ?"

"ಹಾಕಿಕೊಂಡಿಲ್ಲ ಪ್ರಭು."

"ಪಾಪ, ನೋಡಲು ಚೆನ್ನಾಗಿಲ್ಲವೇನೋ," ಎಂದು ಪ್ರಭುಗಳು ಮರುಗಿದರು. ಆಮೇಲೆ ಪರದೆಯತ್ತ ತಿರುಗಿ, "ಕರೆಂಟ್ ಹೋಗಿದೆಯೆ?" ಎಂದರು.

"ಇಲ್ಲ ಪ್ರಭು, ಓಡುತ್ತಿದೆ. ಈಗಲೂ ಜನ ಅಕ್ಕಿ ತಗೊಳ್ತಿದ್ದಾರೆ."

"ಹಾಗಾದರೆ ಇದರಲ್ಲಿ ನಾವೆಲ್ಲಿ?"

ಅನುಮೋದನಾಚಾರ್ಯರು ಗಂಟಲು ಸರಿಮಾಡಿಕೊಂಡರು. "ಸನ್ನಿಧಾನಕ್ಕೆ ಕಪ್ಪು ಬಾವುಟ ತೋರಿಸಿದವರನ್ನು ನಾವು ಒಳಗೆ ಹಾಕುತ್ತೇವೆ. ಮೊನ್ನೆ ಕಪ್ಪು ಕೊಡೆ ಹಿಡಿದಿದ್ದ ಮುದುಕಿಯನ್ನೂ ಹಾಕಿದ್ದೇವೆ. ಈ ಯಂತ್ರ ಒಂದು ವಾರದಿಂದ ಕಪ್ಪು ತೋರಿಸುತ್ತಲೇ ಇದೆ ಪ್ರಭು."

"ಪೆಟ್ಟಿಗೆಯ ಹೊರಗೆ ಪ್ರಭುಗಳ ಫೋಟೋ ಇಟ್ಟು, ಒಂದು ಹಾರ ಹಾಕಿದರೆ..." ಗುರುಪಾದಯ್ಯ ತೊದಲಿದ.

"ಗೋಡೆಯ ಮೇಲಿನ ಯಾರ ಫೋಟೋಗೆ ಹಾರ ಹಾಕುತ್ತಾರಯ್ಯ?" ಎಂದರು ಮಹಾಮಂತ್ರಿಗಳು ಮೆಲ್ಲಗೆ.

ಪ್ರಭುಗಳು ಬೆವರಿದರು. ಗುರುಪಾದಯ್ಯ ಅವರಿಗಿಂತ ಹೆಚ್ಚು ಬೆವರಿದ.

ಕೂಡಲೇ ಉನ್ನತಾಧಿಕಾರ ಸಮಿತಿ ರಚನೆಯಾಯಿತು. ಯಾವ ಲಿನಕ್ಸಿನಲ್ಲಿ ಪ್ರಭುಗಳು ದೊಡ್ಡದಾಗಿ ಕಾಣುತ್ತಾರೋ ಅದೇ ರಾಷ್ಟ್ರದ ಲಿನಕ್ಸ್ ಎಂದು ತೀರ್ಮಾನಿಸಿ, ಒಂದೊಂದರ ಪರದೆಗೂ ಪ್ರಭುಗಳ ಫೋಟೋ ಹಾಕಿ ನೋಡಿದರು. ಒಂದರಲ್ಲಿ ಮೇಲಿನ ಪಟ್ಟಿ ಕಿರೀಟವನ್ನು ಮುಚ್ಚಿತು; ರಾಜದ್ರೋಹವೆಂದು ತಳ್ಳಿದರು. ಇನ್ನೊಂದರಲ್ಲಿ ಕೆಳಗಿನ ಪಟ್ಟಿ ಮೀಸೆಯವರೆಗೆ ಬಂತು. ಕೊನೆಗೆ, ಅಂಗನವಾಡಿ ಮಕ್ಕಳು ಬಣ್ಣ ಹಚ್ಚಲೆಂದು ಯಾರೋ ಮಾಡಿದ್ದ ಒಂದು ಲಿನಕ್ಸ್ ಎಲ್ಲರ ಮನ ಗೆದ್ದಿತು. ಅದರಲ್ಲಿ ಪ್ರಭುಗಳ ಮುಖ ಪರದೆ ತುಂಬ ನಗುತ್ತಿತ್ತು, ಕೈ ಬೀಸುತ್ತಿತ್ತು, ಸುತ್ತ ಬಲೂನು ಹಾರುತ್ತಿದ್ದವು.

"ಇದರಿಂದ ಯಂತ್ರಕ್ಕೆ ತೊಂದರೆಯೇನೂ ಇಲ್ಲವಷ್ಟೆ?" ಎಂದು ಪ್ರಭುಗಳು ಕೇಳಿದರು.

ತೊಂದರೆಯಿತ್ತು. ಹಗಲೂ ರಾತ್ರಿ ನಗುತ್ತ ಕೂತ ಯಂತ್ರಕ್ಕೆ ಜನರ ಹೆಬ್ಬೆಟ್ಟು ನೋಡಲು ಪುರಸೊತ್ತಾಗುವುದಿಲ್ಲವೆಂದು ಗುರುಪಾದಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಅಕ್ಕನ ಮುಖ ಕಣ್ಣ ಮುಂದೆ ಬಂತು. ಕೊಡೆ ಹಿಡಿದ ಮುದುಕಿಯೂ ಬಂದಳು. ಬಾಯಿ ತೆರೆದವನು, "ಪ್ರಭುಗಳ ನಗೆಯಿಂದ ಯಾವುದಕ್ಕೆ ತಾನೆ ತೊಂದರೆ?" ಅಂದುಬಿಟ್ಟ. ಅಯ್ಯೋ ಪುಣ್ಯಾತ್ಮ, ಒಂದು ಮಾತು ಹೇಳಬಾರದಿತ್ತೆ ಎಂದು ನಮಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಓಲಗ ಊದಿಸಿ, ಪ್ರಭುಗಳ ಬೆರಳಿನಿಂದಲೇ ಡೌನ್‌ಲೋಡ್ ಗುಂಡಿ ಒತ್ತಿಸಿದರು. ಜಗತ್ತಿಗೆಲ್ಲ ಬಿಟ್ಟಿ ಸಿಗುವ ವಸ್ತು "ಪ್ರಭುಗಳ ಕೃಪೆಯಿಂದ ಉಚಿತ" ಎಂದು ಊರೂರಲ್ಲಿ ಫ್ಲೆಕ್ಸ್ ಎದ್ದಿತು.

ಮಾರನೆಯ ದಿನ ಉಗ್ರಾಣದ ಮುಂದೆ ಬೆಳಗ್ಗೆ ಒತ್ತಿದ ಹೆಬ್ಬೆಟ್ಟಿಗೆ ಸಂಜೆಗೂ ಉತ್ತರವಿಲ್ಲ. ಅದು ಯಾರ ಗಮನಕ್ಕೂ ಬರಲಿಲ್ಲ. ಗಮನಕ್ಕೆ ಬಂದದ್ದು ಬೇರೆ: ಪರದೆಯ ಮೇಲೆ ಪ್ರಭುಗಳ ನಗೆ ಅರ್ಧಕ್ಕೇ ನಿಂತಿತ್ತು! ಒಂದು ಕಣ್ಣು ಮುಚ್ಚಿ, ಬಾಯಿ ಸೊಟ್ಟಗಾಗಿ, ಬೀಸಿದ ಕೈ ಕಿವಿಯ ಹತ್ತಿರ ಸಿಕ್ಕಿಕೊಂಡಿತ್ತು.

"ಯಾರಿದಕ್ಕೆ ಹೊಣೆ?" ಎಂದು ಪ್ರಭುಗಳು ಗುಡುಗಿದರು.

"ಪ್ರಜೆಗಳು, ಪ್ರಭು," ಎಂದರು ಅನುಮೋದನಾಚಾರ್ಯರು. "ಒಬ್ಬರ ಹಿಂದೊಬ್ಬರು ಹೆಬ್ಬೆಟ್ಟು ಒತ್ತಿ ಸನ್ನಿಧಾನದ ನಗೆಗೆ ಅಡ್ಡಿಪಡಿಸುತ್ತಿದ್ದಾರೆ. ಇದರ ಹಿಂದೆ ನೆರೆರಾಜ್ಯದ ಕೈವಾಡವಿದೆ."

ಸಂಜೆಯೊಳಗೆ ರಾಜಾಜ್ಞೆ ಹೊರಟಿತು: ಇನ್ನು ಮುಂದೆ ಯಾರೂ ಹೆಬ್ಬೆಟ್ಟು ಒತ್ತಕೂಡದು, ಅಕ್ಕಿ ವಿತರಣೆ ಯೋಜನೆ ಯಥಾಪ್ರಕಾರ ಜಾರಿಯಲ್ಲಿರತಕ್ಕದ್ದು.

ಅಂದಿನಿಂದ ನಗೆ ಎಲ್ಲಿಯೂ ತಡವರಿಸಲಿಲ್ಲ. ಸರ್ವರ್ ಒಂದು ಕ್ಷಣವೂ ಕೆಡಲಿಲ್ಲ. ಅದಕ್ಕೆ ಶ್ರೇಷ್ಠ ಆಡಳಿತ ಪ್ರಶಸ್ತಿ ಬಂತು. ಗುರುಪಾದಯ್ಯನಿಗೆ ಯಂತ್ರರತ್ನ ಬಿರುದು, ಪೇಟ, ಶಾಲು ಮತ್ತು ಹಣ್ಣಿನ ಬುಟ್ಟಿ. ಪೇಟ ತೊಟ್ಟುಕೊಂಡೇ ಅವನು ಬುಟ್ಟಿ ಹಿಡಿದು ಕುಂಬಾರಗೇರಿಗೆ ಹೋದ.

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಕೆನ್ನೆ ಒಳಕ್ಕೆ ಹೋಗಿತ್ತು.

"ಉಗ್ರಾಣದಕ್ಕಿ ತಂದ್ಯೇನೋ ಗುರುಪಾದ?"

"ಹಣ್ಣು ತಂದೀನಕ್ಕ. ಅರಮನೇದು."

ಅವಳು ಬುಟ್ಟಿಯತ್ತ ನೋಡಿದಳು. ಅದರ ಮೇಲೂ ಪ್ರಭುಗಳು ನಗುತ್ತಿದ್ದರು. "ನೀ ಹೇಳ್ತಿದ್ದ ಆ ಕರೀ ಪರದೆ ಮಿಷಿನ್ನು ಇದ್ದಾಗ ಅಕ್ಕಿ ಸಿಕ್ತಿತ್ತಲ್ಲೋ. ಯಾಕೋ ತೆಗೆದ್ರು ಅದನ್ನ?"

"ಅದ್ರಲ್ಲಿ ಪ್ರಭುಗಳ ಮುಖ ಕಾಣ್ತಿರ್ಲಿಲ್ಲ."

"ಈಗ ಕಾಣ್ತದಾ?"

"ಚೆನ್ನಾಗ್ ಕಾಣ್ತದೆ."

"ಯಾರಿಗೋ?"

ಗುರುಪಾದಯ್ಯ ಬುಟ್ಟಿಯನ್ನು ಅವಳ ಕಾಲ ಬಳಿ ಇಟ್ಟ. ನಗೆಗೆ ಧೂಳು ತಾಗಬಾರದೆಂದು ಯಾರನ್ನೂ ಒಳಗೆ ಬಿಡದೆ ಯಂತ್ರಶಾಲೆಗೆ ಬೀಗ ಹಾಕಿಸಿದ್ದರು. ಕೀಲಿ ಅವನ ಸೊಂಟದಲ್ಲೇ ಇತ್ತು.