ಗ್ರೀಕರ ಅವಳಿ ದೇವರಿಗೆ ಮದುವೆ ಹೇಗಾಯಿತು?

ಅವಳಿಯಾಗಿ ಹುಟ್ಟಿದ ಮೇಲೆ ಇಂಥ ಪೇಚುಗಳು ತಪ್ಪಿದ್ದಲ್ಲ. ಊರಿಗೆಲ್ಲ ತಮಾಷೆ, ನಮಗೆ ಪೀಕಲಾಟ. ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ಕಾರವಾರ ಬಂದರಿಗೆ ಅದಿರಿನ ಹಡಗುಗಳು ಮೇಲಿಂದ ಮೇಲೆ ಬರುತ್ತಿದ್ದವು. ನಾನು ಹಡಗು ಏಜೆಂಟರೊಬ್ಬರ ಕಚೇರಿಯಲ್ಲಿದ್ದೆ, ತಮ್ಮ ದೋಣಿ ಇಂಜಿನ್ ರಿಪೇರಿ ಮಾಡುತ್ತಿದ್ದ. ಮುಖ, ಎತ್ತರ, ನಡಿಗೆ ಎಲ್ಲ ಒಂದೇ.

ಹಬ್ಬುವಾಡದ ನಮ್ಮ ಮನೆಯಲ್ಲಿ ಆಯಿಯದು, ಅಂದರೆ ನಮ್ಮ ಅಮ್ಮನದು, ಒಂದೇ ಹಟ: "ಒಟ್ಟಿಗೆ ಹುಟ್ಟಿದವ್ರು. ಮದುವೆನೂ ಒಂದೇ ದಿನ, ಒಂದೇ ಚಪ್ಪರದಲ್ಲಿ ಆಗ್ಬೇಕು." ನನಗೆ ಭಾವಿಕೇರಿಯ ಹುಡುಗಿ ಒಪ್ಪಿಗೆಯಾಗಿದ್ದಳು. ತಮ್ಮನಿಗೆ ಯಾರೂ ಒಪ್ಪಿಗೆಯಾಗುತ್ತಿರಲಿಲ್ಲ. ಮಳೆಗಾಲದೊಳಗೆ ಮದುವೆಯಾಗದಿದ್ದರೆ ಮಗಳನ್ನು ಬೇರೆ ಕಡೆ ಕೊಡುವುದಾಗಿ ಹುಡುಗಿಯ ಅಪ್ಪ ಹೇಳಿಕಳಿಸಿದ್ದರು. ನನ್ನ ನಿದ್ದೆ ಹಾರಿಹೋಗಿತ್ತು.

೧. ಬಸ್ಸಿನಲ್ಲಿ ಮಾವ

ಒಂದು ದಿನ ಅಂಕೋಲೆ ಬಸ್ಸಿನಲ್ಲಿ ಆ ಭಾವೀ ಮಾವ ತಮ್ಮನ ಪಕ್ಕ ಬಂದು ಕೂತರು. ನಾನೇ ಅಂದುಕೊಂಡು, "ಹೆಂಗೆ ತಮಾ, ಮದುವೆ ವಿಚಾರ ಏನ್ ಮಾಡ್ದೆ?" ಎಂದು ಕೇಳಿದರು. ತಮ್ಮ ಅವರನ್ನು ಅದುವರೆಗೆ ನೋಡಿರಲಿಲ್ಲ. ಆಯಿ ಕಳಿಸಿದ ಇನ್ನೊಬ್ಬ ಮದುವೆ ದಲ್ಲಾಳಿ ಅಂದುಕೊಂಡ.

"ನಂಗೆ ಮದುವೆನೇ ಬೇಡ ಮಾರಾಯ್ರೆ. ಹುಡುಗಿ ನೋಡೂದು, ಉಪ್ಪಿಟ್ಟು ತಿನ್ನೂದು, ಸಾಕಾಗೋಯ್ತು."

ಮಾವ ಮುಂದಿನ ಸ್ಟಾಪಿನಲ್ಲೇ ಇಳಿದುಹೋದರು.

ಸಂಬಂಧ ಮುರಿಯಿತೆಂದು ಸಂಜೆಯೇ ಅವರಿಂದ ಸುದ್ದಿ ಬಂತು. ಮರುದಿನ ತಮ್ಮನನ್ನು ಎಳೆದುಕೊಂಡು ಭಾವಿಕೇರಿಗೆ ಓಡಿದೆ. ಮಾವ ನಮ್ಮಿಬ್ಬರನ್ನೂ ಅಂಗಳದಲ್ಲಿ ನಿಲ್ಲಿಸಿ ಒಂದು ಸುತ್ತು ಬಂದರು. "ಬೇಡ ಅಂದಂವ ಯಾರು?" ತಮ್ಮ ಕೈ ಎತ್ತಿದ.

"ಇಂವಂಗೆ ಇವತ್ತಿಂದ ಮೀಸೆ ಬಿಡೂಕೆ ಹೇಳು. ಧಾರೆ ಎರೆಯುವಾಗ ನಂಗೆ ಗುರ್ತು ಸಿಗ್ಬೇಕು. ಮಳೆಗಾಲದೊಳಗೆ ಬೆಳೀತದಲ್ಲ?"

೨. ದೇವರ ಮಗ

ಆ ತಿಂಗಳು ಒಬ್ಬ ಗ್ರೀಕ್ ಕಪ್ತಾನನ ಹಡಗು ಬಂದು ಹೊರಗೆ ಲಂಗರು ಹಾಕಿತ್ತು. ಕಾಗದಪತ್ರ ಹಿಡಿದು ನಾನು ಲಾಂಚ್ ಹತ್ತಿದೆ. ಇಂಜಿನ್ ಕೆಮ್ಮುತ್ತಿದ್ದರಿಂದ ತಮ್ಮನೂ ಬಂದ. ಇಬ್ಬರೂ ಏಣಿ ಹತ್ತಿ ಮೇಲೆ ಬಂದದ್ದೇ ತಡ, ಕಪ್ತಾನ ಹರಕು ಇಂಗ್ಲಿಷಿನಲ್ಲಿ ಕೂಗಿದ: "ಅವಳಿಗಳು! ಇನ್ನು ನನಗೆ ಬಿರುಗಾಳಿಯ ಭಯವಿಲ್ಲ!"

ಅವರ ಕಡೆ ನಾವಿಕರನ್ನು ಕಾಯುವವರು ಕ್ಯಾಸ್ಟರ್, ಪೊಲಕ್ಸ್ ಎಂಬ ಅವಳಿಗಳಂತೆ. ಒಬ್ಬ ದೇವರ ಮಗ, ಇನ್ನೊಬ್ಬ ಮನುಷ್ಯನ ಮಗ. ಮನುಷ್ಯನ ಮಗ ಸತ್ತಾಗ ಇನ್ನೊಬ್ಬ ತನ್ನ ಅಮರತ್ವದಲ್ಲೇ ಅವನಿಗೆ ಅರ್ಧ ಪಾಲು ಕೊಟ್ಟನಂತೆ. ಕೇಳಿ ನಾನು ತಮ್ಮನ ಹೆಗಲ ಮೇಲೆ ಕೈ ಹಾಕಿದೆ.

"ನಮ್ಮಲ್ಲಿ ದೇವರ ಮಗ ಯಾರು ಕೇಳು," ಅಂದ ತಮ್ಮ. ಕಪ್ತಾನನದು ಪೊದೆಮೀಸೆ. ತಮ್ಮನ ಚಿಗುರುಮೀಸೆ ನೋಡಿ "ಇವನೇ" ಅಂದುಬಿಟ್ಟ.

ವಾಪಸ್ ಬರುವಾಗ ನಡುನೀರಿನಲ್ಲಿ ಇಂಜಿನ್ ನಿಂತಿತು. ದೇವರ ಮಗ ಬೆವರು ಸುರಿಸುತ್ತ ಹ್ಯಾಂಡಲ್ ತಿರುಗಿಸಿದ. ಮನುಷ್ಯನ ಮಗ ಬಗ್ಗಿ ವಾಂತಿ ಮಾಡಿದ.

೩. ದ್ವೀಪಕ್ಕೆ ಕರೆ

ಕಪ್ತಾನ ನಮ್ಮನ್ನು ತನ್ನ ದೇಶಕ್ಕೂ ಕರೆದ. ದೆಲೊಸ್ ಎಂಬ ಪುಟ್ಟ ದ್ವೀಪವಿದೆ, ಆರ್ಟೆಮಿಸ್, ಅಪೊಲೊ ಎಂಬ ಅಕ್ಕತಮ್ಮ ಅವಳಿ ದೇವರು ಹುಟ್ಟಿದ್ದು ಅಲ್ಲಿ, ಅವಳಿಗಳಾದ ನೀವು ನೋಡಲೇಬೇಕು ಅಂದ. ಹಿಂದೆ ಆ ದ್ವೀಪದಲ್ಲಿ ಯಾರೂ ಹೆರುವಂತಿರಲಿಲ್ಲ, ಸಾಯುವಂತೆಯೂ ಇರಲಿಲ್ಲವಂತೆ.

ಮನೆಯಲ್ಲಿ ಹೇಳಿದೆ. ಆಯಿ ಮೀನು ಕೊಯ್ಯುವುದನ್ನು ನಿಲ್ಲಿಸಿದಳು.

"ಹುಟ್ಟೂಕೂ ಇಲ್ಲ, ಸಾಯೂಕೂ ಇಲ್ಲ. ಮದುವೆನಾದ್ರೂ ಮಾಡ್ತ್ರೋ? ಇಲ್ಲ ಅಂದ್ರೆ ನೀವು ಹೋಗೂದೇ ಬೇಡ."

೪. ಊಟದ ಹೊತ್ತು

ಹಡಗು ಹೊರಡುವ ಮುಂಚೆ ಕಪ್ತಾನನನ್ನು ಮನೆಗೆ ಊಟಕ್ಕೆ ಕರೆದೆವು. ಹುರಿದ ಬಂಗಡೆ ಬಡಿಸುತ್ತ ಆಯಿ ನನ್ನನ್ನು ತಿವಿದಳು.

"ಹಡಗಿನವ್ರನ್ನ ಕಾಯೂ ಆ ಅವಳಿ ದೇವರಿಗೆ ಮದುವೆ ಹೆಂಗಾಯ್ತು ಕೇಳು. ಒಂದೇ ದಿನವೋ, ಬೇರೆ ಬೇರೆಯೋ?"

ಬೇರೆ ಬೇರೆ ಅಂದರೆ ನಾನು ಬಚಾವ್. ಭಾವಿಕೇರಿಗೆ ಆಗಲೇ ಇನ್ನೊಂದು ಗಂಡು ಬಂದುಹೋಗಿತ್ತು. ಮನಸ್ಸು ಗಟ್ಟಿ ಮಾಡಿ ಕೇಳಿದೆ.

"ಒಂದೇ ದಿನ," ಅಂದ ಕಪ್ತಾನ. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವನು ಮುಳ್ಳು ಬಿಡಿಸುತ್ತ ಮುಂದುವರಿಸಿದ: "ಅಕ್ಕತಂಗಿ ಇಬ್ಬರಿದ್ದರು. ಇಬ್ಬರಿಗೂ ಬೇರೆಯವರ ಜೊತೆ ನಿಶ್ಚಯವಾಗಿತ್ತು. ಇವರು ಹೋಗಿ ಇಬ್ಬರನ್ನೂ ಹೊತ್ತುಕೊಂಡು ಬಂದರು."

ಆಯಿಗೆ ಹಾಗೇ ಹೇಳಿದೆ. ಅವಳ ಕೈಯ ಸೌಟು ಅಲ್ಲೇ ನಿಂತಿತು. ಅಷ್ಟು ದಿನ ಮದುವೆಯೇ ಬೇಡ ಅನ್ನುತ್ತಿದ್ದ ತಮ್ಮ ತಟ್ಟೆಯಿಂದ ತಲೆ ಎತ್ತಿದ.

"ಜಾತಕ ಇಲ್ಲ, ಹುಡುಗಿ ನೋಡೂ ಶಾಸ್ತ್ರ ಇಲ್ಲ, ಬರೇ ಹೊತ್ಕಂಡು ಬರೂದು! ಹಂಗಾದ್ರೆ ನಾನೂ ತಯಾರ. ಆಯಿ, ಭಾವಿಕೇರಿ ಹುಡುಗಿಗೆ ಒಬ್ಳು ತಂಗಿ ಉಂಟಲ್ಲ?"

ತಂಗಿ ಇದ್ದದ್ದು ಹೌದು. ಬೊಬ್ರುವಾಡದ ಹುಡುಗನ ಜೊತೆ ಅವಳಿಗೆ ನಿಶ್ಚಯವಾದದ್ದೂ ಹೌದು.

ಆಯಿ ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಭಾವಿಕೇರಿಗೆ ಹೋಗ್ವ. ನಿಂದೊಂದೇ ಮಾಡಿ ಮುಗಿಸ್ವ. ಒಂದೇ ದಿನ, ಒಂದೇ ದಿನ ಅಂತ ಕೂತ್ರೆ ಇಂವ ನಮ್ಮನ್ನೆಲ್ಲ ಪೊಲೀಸ್ ಸ್ಟೇಷನ್ನಿಗೆ ಕಳಿಸ್ತ."

ಮಳೆ ಹಿಡಿಯುವ ಮುಂಚೆಯೇ ನನ್ನ ಮದುವೆ ಮುಗಿಯಿತು. ಚಪ್ಪರದಲ್ಲಿ ಆಯಿ ಇಡೀ ದಿನ ತಮ್ಮನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡಿದ್ದಳು. ಹುಡುಗಿಯ ತಂಗಿ ಪಾನಕ ಹಿಡಿದು ಬಂದಾಗಲೆಲ್ಲ, ಆಯಿ ಒಂದು ಕೈಯಲ್ಲಿ ಲೋಟ ತೆಗೆದುಕೊಂಡು ಇನ್ನೊಂದು ಕೈಯಲ್ಲಿ ಅವನ ಅಂಗಿ ಹಿಡಿದುಕೊಳ್ಳುತ್ತಿದ್ದಳು.