ಗ್ಲೆನ್‌ಮರೆಯ ಬೆಚ್ಚನೆಯ ಸೆರೆಮನೆ

ಈ ವೃತ್ತಾಂತವನ್ನು ನಮಗೆ ಮೊದಲು ಹೇಳಿದವನು ಕಲ್ಲುಕುಟಿಗ ಆಂಗಸ್ ಬೇನ್. ಆ ಸೆರೆಮನೆಯ ಗೋಡೆಗೆ ಕಲ್ಲು ಕೂರಿಸಿದವನೂ ಅವನೇ, ಆಮೇಲೆ ಅದರೊಳಗೆ ಸುಖವಾಗಿ ಚಳಿಗಾಲ ಕಳೆದವನೂ ಅವನೇ. ಆದ್ದರಿಂದ ಇದರಲ್ಲಿ ಸುಳ್ಳು ಸೇರಿರಲು ಸಾಧ್ಯವಿಲ್ಲ.

ಸ್ವಂತ ಸೆರೆಮನೆಯಿಲ್ಲದ ಊರು ಜಿಲ್ಲೆಯ ಮುಖ್ಯಪಟ್ಟಣವಾಗಲು ಅರ್ಹವಲ್ಲ ಎಂಬುದು ಆಗಿನ ಕಾನೂನು. ಗ್ಲೆನ್‌ಮರೆಯಲ್ಲಿ ಹಿಟ್ಟಿನ ಗಿರಣಿಯಿತ್ತು, ಚರ್ಚಿತ್ತು, ಎರಡು ಪೇಟೆಬೀದಿಗಳಿದ್ದವು. ಅಪರಾಧಿಗಳನ್ನು ಇಡುವ ಜಾಗ ಮಾತ್ರ ಇರಲಿಲ್ಲ. ಅಪರಾಧಿಗಳೂ ಹೆಚ್ಚು ಇರಲಿಲ್ಲವೆನ್ನಿ. ಕೋಳಿ ಕದಿಯುವ ಜೆಬ್ ಸ್ಕಟ್ ಒಬ್ಬನೇ ಇಡೀ ಊರಿನ ಆ ಕೊರತೆಯನ್ನು ತನ್ನ ಕೈಲಾದಮಟ್ಟಿಗೆ ತುಂಬುತ್ತಿದ್ದ.

ಪುರಸಭೆಯ ಅಧ್ಯಕ್ಷ ಹೆಕ್ಟರ್ ಮೆಕ್‌ಫೇಲ್ ವಾಸ್ತುಶಿಲ್ಪಿ ಸೈಲಸ್ ಥರ್ಲೋನನ್ನು ತನ್ನ ಗಿರಣಿಗೆ ಕರೆಸಿಕೊಂಡ.

ಸೈಲಸ್ ದೈವಭಕ್ತ. ಸಮುದ್ರ ದಾಟಿ ಬರುವಾಗ ಅವನು ಪೆಟ್ಟಿಗೆಯಲ್ಲಿ ತಂದದ್ದು ಎರಡು ಅಂಗಿ ಮತ್ತು ಒಂದು ಚರ್ಚಿನ ಗೋಪುರದ ನಕ್ಷೆ. ಅಂಗಿಗಳು ಹರಿದುಹೋದವು, ನಕ್ಷೆ ಹಾಗೇ ಉಳಿಯಿತು. ಈ ದೇಶದಲ್ಲಿ ಅವನು ಕಣಜ ಕಟ್ಟಿದ, ಹಂದಿಗೂಡು ಕಟ್ಟಿದ, ಮೆಕ್‌ಫೇಲನ ಹಿತ್ತಲಲ್ಲಿ ಗ್ರೀಕ್ ಕಂಬಗಳುಳ್ಳ ಪಾಯಿಖಾನೆಯನ್ನೂ ಕಟ್ಟಿದ. ಊರಿನ ಚರ್ಚು ಮಾತ್ರ ಟೋಪಿ ಕಳೆದುಕೊಂಡವನ ತಲೆಯ ಹಾಗೆ ಬೋಳಾಗಿಯೇ ನಿಂತಿತ್ತು. ಅದರ ಮೇಲೊಂದು ಗೋಪುರ ಏರಿಸಿ ಕಣ್ಣು ಮುಚ್ಚಬೇಕು, ಇದೊಂದೇ ಅವನ ಆಸೆ. ದಿನಾ ಮಂಡಿಯೂರಿ ದೇವರಲ್ಲಿ ಕೇಳುತ್ತಿದ್ದದ್ದೂ ಒಂದು ಗೋಪುರವನ್ನೇ.

"ಗೋಪುರ ಆಗುತ್ತೆ ಕಣ್ರೀ ಥರ್ಲೋ, ಮೊದ್ಲು ಜೈಲು ಆಗ್ಲಿ," ಎಂದ ಮೆಕ್‌ಫೇಲ್. "ಊರಿಗೆ ಮರ್ಯಾದೆ ಬಂದ್ಮೇಲೆ ತಾನೇ ದೇವ್ರಿಗೆ?"

"ಮಾತು ಕೊಡ್ತೀರಾ, ಅಧ್ಯಕ್ಷರೇ?"

"ಕೊಟ್ಟೆ. ಒಂದೇ ನಿಬಂಧನೆ. ಚಳಿಗಾಲ ಮುಗಿಯೋವರೆಗೂ ಭಾನುವಾರ ಚರ್ಚಿನ ಬೆಂಚುಗಳು ತುಂಬಿರ್ಬೇಕು. ಖಾಲಿ ಚರ್ಚಿಗೆ ಗೋಪುರ ಯಾಕೆ, ಕಾಗೆ ಕೂರೋಕಾ?"

ಸೈಲಸ್ ಒಪ್ಪಿದ. ಗ್ಲೆನ್‌ಮರೆಯವರು ಭಾನುವಾರ ಚರ್ಚಿಗಲ್ಲದೆ ಇನ್ನೆಲ್ಲಿಗೆ ಹೋದಾರು?

ಅವನು ತಪ್ಪು ಮಾಡಿದ್ದು ಇಲ್ಲೇ. ಸೆರೆಯವನೂ ದೇವರ ಮಗುವೇ ಎಂದು ನಂಬಿದವನಾದ್ದರಿಂದ, ನೆಲಮಾಳಿಗೆಯಲ್ಲಿ ದೊಡ್ಡದೊಂದು ಕುಲುಮೆ ಇರಿಸಿ, ಜೋಡಿಗೋಡೆಗಳ ನಡುವೆ ಬಿಸಿಗಾಳಿ ಹರಿದಾಡುವಂತೆ ಸೆರೆಮನೆಯನ್ನು ಕಟ್ಟಿದ. ಆ ಪ್ರಾಂತ್ಯದಲ್ಲಿ ಅಷ್ಟು ಬೆಚ್ಚಗಿನ ಕಟ್ಟಡ ಇನ್ನೊಂದಿರಲಿಲ್ಲ. ಚರ್ಚಿನಲ್ಲಿದ್ದದ್ದು ಒಂದೇ ಒಲೆ. ಅದರ ತಗಡಿನ ಹೊಗೆಕೊಳವೆ ಎಲ್ಲರ ತಲೆಯ ಮೇಲೆ ಉದ್ದಕ್ಕೂ ಸಾಗಿ, ಭಕ್ತರ ಹ್ಯಾಟಿನ ಮೇಲೆ ಕಪ್ಪುನೀರು ತೊಟ್ಟಿಕ್ಕಿಸುತ್ತಿತ್ತು. ಶಾಖ ಮುಂದಿನ ಬೆಂಚಿನ ಬಾಡಿಗೆ ಕೊಟ್ಟವರಿಗೆ, ಕಪ್ಪುನೀರು ಸರ್ವರಿಗೂ.

ಮೊದಲ ಹಿಮ ಬಿದ್ದ ವಾರ ಜೆಬ್ ಸ್ಕಟ್ ಅಧ್ಯಕ್ಷರ ಕೋಳಿಯೊಂದಿಗೆ ಸಿಕ್ಕಿಬಿದ್ದು ಒಳಗೆ ಹೋದ. ಖೈದಿ ತಕ್ಕಷ್ಟು ನರಳುತ್ತಿದ್ದಾನೋ ಇಲ್ಲವೋ ಎಂದು ನೋಡಲು ಹೋದ ಮೆಕ್‌ಫೇಲನ ಮೀಸೆಯಿಂದ ಹಿಮದ ಕಡ್ಡಿಗಳು ಜೋತಾಡುತ್ತಿದ್ದವು. ಜೆಬ್ ಬರೀ ಅಂಗಿಯಲ್ಲಿ ಕಾಲು ಚಾಚಿ ಕುಳಿತಿದ್ದ.

"ಬಾಗಿಲು ಹಾಕ್ಕೊಳ್ಳಿ ಧಣಿ, ಗಾಳಿ ಬರುತ್ತೆ," ಎಂದ.

ಮೆಕ್‌ಫೇಲ್ ಬಾಗಿಲು ಹಾಕಿಕೊಂಡ. ಒಳಗಿನಿಂದ. ಪರಿಶೀಲನೆ ಮೂರು ದಿನ ನಡೆಯಿತು.

ಅಧ್ಯಕ್ಷರು ಹೊರಗೆ ಬಂದಾಗ ಅವರ ಕೆನ್ನೆ ಕೆಂಪಗಿದ್ದದ್ದನ್ನು ಊರು ನೋಡಿತು. ಅಲ್ಲಿಂದಾಚೆ ಗ್ಲೆನ್‌ಮರೆಯಲ್ಲಿ ಅಪರಾಧ ಹೆಚ್ಚಿತು. ಶಾಲೆಯ ಮಾಸ್ತರರು ತಮ್ಮದೇ ಕೊಡೆಯನ್ನು ಕದ್ದು ತಾವೇ ದೂರು ಕೊಟ್ಟರು. ವಿಧವೆ ಟಿಬ್ಬೆಟ್ ಹಾಸಿಗೆ ಸುತ್ತಿಕೊಂಡು ಬಂದು, ಪೇದೆಯ ಮೇಲೆ ಒಂದು ಹಿಮದ ಉಂಡೆ ಎಸೆದು, "ನಡೀಯಪ್ಪಾ, ಯಾವ ಕೋಣೆ?" ಎಂದಳು. ನೂಕುನುಗ್ಗಲು ತಡೆಯಲಾಗದೆ ಪುರಸಭೆ ಗಂಟೆ ಬಾರಿಸಿ ಪ್ರಕಟಣೆ ಸಾರಿಸಿತು:

"ಸಮಸ್ತ ನಾಗರಿಕರ ಗಮನಕ್ಕೆ. ಸೆರೆಮನೆಯ ಘನತೆ ಕಾಪಾಡುವ ಸಲುವಾಗಿ ಇನ್ನುಮುಂದೆ ಸನ್ನಡತೆಯುಳ್ಳವರನ್ನು ಮಾತ್ರ ಬಂಧಿಸಲಾಗುವುದು. ಪ್ರವೇಶ ಬಯಸುವವರ ಪರವಾಗಿ ಇಬ್ಬರು ಗೃಹಸ್ಥರು ಸಾಕ್ಷಿ ನುಡಿಯತಕ್ಕದ್ದು. ಕಳ್ಳರು, ಕುಡುಕರು ಹಾಗೂ ಇತರೆ ಅಪರಾಧಿಗಳು ಸೆರೆಮನೆಯ ಸುತ್ತಮುತ್ತ ಸುಳಿಯುವುದು ಅಪರಾಧವಾಗಿರುತ್ತದೆ."

ಜೆಬ್ ಸ್ಕಟ್‌ನ ಪರ ಒಬ್ಬರೂ ಸಾಕ್ಷಿ ನುಡಿಯಲಿಲ್ಲ. ಅವನನ್ನು ಹೊರಗೆ ಹಾಕಲಾಯಿತು.

ಭಾನುವಾರ ಸೈಲಸ್ ಹೆಂಡತಿ ಡೋರ್ಕಾಸ್ ಜೊತೆ ಚರ್ಚಿಗೆ ಹೋದ. ಬೆಂಚುಗಳು ಖಾಲಿ. ಪಾದ್ರಿ ಗಿಲ್‌ಕ್ರಿಸ್ಟ್ ಕೈಗವಸು ತೊಟ್ಟು ಇವರಿಬ್ಬರಿಗೆ ಮತ್ತು ಹೊಗೆಕೊಳವೆಗೆ ನರಕದ ಬಗ್ಗೆ ಪ್ರವಚನ ಮಾಡಿದರು. ನರಕಾಗ್ನಿಯ ವರ್ಣನೆ ಬಂದಾಗ ಮೂವರ ಮುಖದಲ್ಲೂ ಆಸೆ ಮೂಡಿದ್ದು ನಿಜ.

"ಅಲ್ರೀ, ಜೈಲಿಗೆ ಅಷ್ಟು ದೊಡ್ಡ ಕುಲುಮೆ ಹಾಕಿ ಅಂತ ಯಾರು ಹೇಳಿದ್ರು ನಿಮ್ಗೆ?" ಎಂದಳು ಡೋರ್ಕಾಸ್ ದಾರಿಯಲ್ಲಿ.

"ಖೈದಿಗೆ ಚಳಿ ಆಗಬಾರ್ದು ಅಂತ..."

"ಕಟ್ಕೊಂಡವಳಿಗೆ ಆಗಬಹುದು ಅಲ್ವಾ? ನಮ್ಮನೇಲಿ ಹಾಲು ಕಲ್ಲಾಗಿದೆ. ನಾನೂ ಯಾರ ಮೇಲಾದ್ರೂ ಹಿಮ ಎಸೀತೀನಿ ನೋಡಿ."

ಸೈಲಸ್ ನೇರವಾಗಿ ಸೆರೆಮನೆಗೆ ನಡೆದ. ಮೆಕ್‌ಫೇಲ್ ಮನೆಯ ಚಪ್ಪಲಿ ಮೆಟ್ಟಿಕೊಂಡು ಆಂಗಸ್ ಬೇನ್ ಜೊತೆ ಪಗಡೆಯಾಡುತ್ತಿದ್ದ.

"ಅಧ್ಯಕ್ಷರೇ, ಇದು ನ್ಯಾಯವಾ? ಬೆಂಚು ತುಂಬಿರ್ಬೇಕು ಅಂದೋರು ನೀವೇ, ಖಾಲಿ ಮಾಡ್ದೋರೂ ನೀವೇ. ಭಾನುವಾರ ಒಂದು ಹೊತ್ತು ಹೊರಗೆ ಬನ್ನಿ!"

"ಛೇ ಛೇ, ಏನ್ ಮಾತಾಡ್ತೀರಿ! ನಾವು ಖೈದಿಗಳು ಕಣ್ರೀ. ಹಾಗೆಲ್ಲ ಹೊರಗೆ ಬರೋಕೆ ಕಾನೂನಿನಲ್ಲಿ ಅವಕಾಶ ಇಲ್ಲ."

"ಕಟ್ಟಿದ್ದು ಚೆನ್ನಾಗಿದೆಯಣ್ಣ," ಎಂದ ಆಂಗಸ್, ಸಮಾಧಾನ ಹೇಳುವವನಂತೆ. "ಒಂಚೂರೂ ಗಾಳಿ ನುಗ್ಗಲ್ಲ."

ಮುಂದಿನ ವಾರ ಪಾದ್ರಿ ಗಿಲ್‌ಕ್ರಿಸ್ಟ್, ತಾವು ಒಮ್ಮೆ ಹಳೆಯ ಪ್ರವಚನವನ್ನೇ ಹೊಸದೆಂದು ಹೇಳಿ ಸಭೆಗೆ ಮೋಸ ಮಾಡಿದ್ದಾಗಿ ಕಣ್ಣೀರಿಟ್ಟು ತಪ್ಪೊಪ್ಪಿಕೊಂಡರು. ಅವರಿಗೆ ಕುಲುಮೆಯ ನೇರ ಮೇಲಿನ ಕೋಣೆ ಸಿಕ್ಕಿತು. ಪ್ರಾರ್ಥನೆ ಅಲ್ಲೇ ನಡೆಯತೊಡಗಿತು. ಚರ್ಚಿನ ಬೆಂಚುಗಳನ್ನೂ ಅಲ್ಲಿಗೇ ಹೊತ್ತರು. ಇನ್ನು ಬೆಂಚು ತುಂಬುವುದಂತಿರಲಿ, ಬೆಂಚೇ ಇರಲಿಲ್ಲ. ಸೈಲಸ್ ನಕ್ಷೆಯನ್ನು ಮಡಚಿ ಪೆಟ್ಟಿಗೆಯ ತಳದಲ್ಲಿ ಹಾಕಿದ.

ಅಷ್ಟರಲ್ಲಿ ಜೆಬ್ ಮತ್ತೆ ಕೋಳಿಯೊಂದಿಗೆ ಸಿಕ್ಕಿಬಿದ್ದ. ಸೆರೆಮನೆಗೆ ಅವನು ಲಾಯಕ್ಕಲ್ಲ. ಬೀಗವಿರುವ ಖಾಲಿ ಕಟ್ಟಡ ಊರಲ್ಲಿ ಇನ್ನೊಂದೇ ಇದ್ದದ್ದು. ಅವನನ್ನು ಚರ್ಚಿನೊಳಗೆ ಕೂಡಿಹಾಕಿದರು. ಕಿಟಕಿಯಿಂದ ಹಾರಿ ಹೋಗಬಾರದೆಂದು ಕಂಬಿಯನ್ನೂ ಬಡಿದರು.

ಹಿಮ ಕರಗುವ ಮುನ್ನವೇ, ಊರು ಮುಖ್ಯಪಟ್ಟಣವಾಗಲು ಅರ್ಹವೇ ಎಂದು ನೋಡಲು ಪ್ರಾಂತ್ಯ ಸರ್ಕಾರದ ಪರಿವೀಕ್ಷಕರು ಜಾರುಬಂಡಿಯಲ್ಲಿ ಬಂದರು. ಕಟ್ಟಡಗಳನ್ನು ತೋರಿಸುವ ಹೊಣೆ ಸೈಲಸ್‌ನ ಮೇಲೆ ಬಿತ್ತು. ಯಾಕೆಂದರೆ ಊರಲ್ಲಿ ಬಂಧನದ ಹೊರಗಿದ್ದ ಗೌರವಸ್ಥ ಅವನೊಬ್ಬನೇ.

ಮೊದಲು ಅವರು ಚರ್ಚಿನ ಮುಂದೆ ನಿಂತರು. ಹೊರಗೆ ಬೀಗ. ಕಿಟಕಿಗೆ ಕಂಬಿ. ಒಳಗೆ ಗೋಡೆಯ ಮೇಲೆ ಹಿಮ, ತಲೆಯ ಮೇಲೆ ಕಪ್ಪುನೀರು, ಮೂಲೆಯಲ್ಲಿ ಹಲ್ಲು ಕಟಕಟಿಸುವ ಒಬ್ಬ ಕಳ್ಳ.

"ಏನಯ್ಯಾ, ಹೇಗಿದೆ ಇಲ್ಲಿ?"

"ಪ್ರಾಣ ಹೋಗ್ತಿದೆ ಧಣಿ. ಇನ್ಮೇಲೆ ಕೋಳಿ ಕಡೆ ತಿರುಗಿಯೂ ನೋಡಲ್ಲ."

ಪರಿವೀಕ್ಷಕರ ಕಣ್ಣು ತುಂಬಿ ಬಂತು. "ಇಷ್ಟು ವರ್ಷದ ಸೇವೇಲಿ ಇಂಥ ಒಳ್ಳೇ ಜೈಲು ನಾನು ನೋಡೇ ಇಲ್ಲ. ಭಲೇ, ಥರ್ಲೋ!"

"ಸ್ವಾಮಿ, ಇದು ಜೈಲಲ್ಲ..."

"ವಿನಯ ಸಾಕು. ಆ ಕಡೆ ಹಾಡು ಕೇಳಿಸ್ತಿದೆಯಲ್ಲ, ಅದೇನು?"

ಅದು ಸೆರೆಮನೆ. ಒಳಗೆ ಬೆಂಚುಗಳು ತುಂಬಿ ತುಳುಕುತ್ತಿದ್ದವು. ಡೋರ್ಕಾಸ್ ಕೂಡ ಎರಡನೆಯ ಸಾಲಿನಲ್ಲಿದ್ದಳು. ಮೂರು ದಿನದ ಹಿಂದೆ ಅವಳು ಪೇದೆಗೆ ಹಿಮದ ಉಂಡೆ ಎಸೆದಿದ್ದಳು. ಪಾದ್ರಿಗಳು ಕೈಗವಸಿಲ್ಲದ ಕೈಯೆತ್ತಿ ಆಶೀರ್ವದಿಸುತ್ತಿದ್ದರು. ಪರಿವೀಕ್ಷಕರು ಟೋಪಿ ತೆಗೆದು, ಕೋಟು ತೆಗೆದು, ಕೊನೆಗೆ ಬೂಟನ್ನೂ ತೆಗೆದು ಕುಳಿತರು.

"ಇಷ್ಟು ಭಕ್ತಿ ಇರೋ ಚರ್ಚು!" ಎಂದರು. "ಗೋಪುರ ಯಾಕಿಲ್ಲ ಇದಕ್ಕೆ?"

ಸಭೆಯೆಲ್ಲ ಅಧ್ಯಕ್ಷರತ್ತ ತಿರುಗಿತು. ಮೆಕ್‌ಫೇಲ್ ಎದ್ದು ನಿಂತು ಗಂಟಲು ಸರಿಪಡಿಸಿಕೊಂಡ. ನಿಬಂಧನೆಯಿದ್ದದ್ದು ಬೆಂಚುಗಳ ಬಗ್ಗೆ. ಬೆಂಚುಗಳು ಎಲ್ಲಿದ್ದರೇನು, ತುಂಬಿದ್ದವು. ಕೊಟ್ಟ ಮಾತಿಗೆ ಪುರಸಭೆ ಬದ್ಧವೆಂದು ಅಲ್ಲೇ ಘೋಷಿಸಿದ.

ಸೈಲಸ್ ಬಾಯಿ ತೆರೆದ. ಸತ್ಯ ಹೇಳುವುದು ಅವನ ಧರ್ಮ. ಆದರೆ ಆ ಕ್ಷಣ ಅವನಿಗೆ ಹೊಳೆದದ್ದು ಇಷ್ಟು. ಇಷ್ಟು ವರ್ಷ ಮಂಡಿಯೂರಿ ದೇವರ ಹತ್ತಿರ ಗೋಪುರ ಬೇಡಿದ್ದ, ಯಾವ ಕಟ್ಟಡದ ಮೇಲೆ ಎಂದು ಒಮ್ಮೆಯೂ ಹೇಳಿರಲಿಲ್ಲ. ಈಗ ತಕರಾರು ತೆಗೆದರೆ ದೇವರ ಕೆಲಸದಲ್ಲಿ ತಪ್ಪು ಹುಡುಕಿದಂತಾಗುತ್ತದೆ.

"ಬೇಸಿಗೆಯಲ್ಲಿ ಶುರು ಮಾಡ್ತೀನಿ," ಎಂದ.

ಗ್ಲೆನ್‌ಮರೆ ಜಿಲ್ಲೆಯ ಮುಖ್ಯಪಟ್ಟಣವಾಯಿತು. ಸೆರೆಮನೆಯ ಮೇಲೆ ಗೋಪುರ ಎದ್ದಿತು, ಬಲು ಸೊಗಸಾದದ್ದು, ಹೊಲಗಳಾಚೆಯಿಂದಲೂ ಕಾಣುತ್ತದೆ. ಅದರ ಉದ್ಘಾಟನೆಯ ದಿನ ಇಬ್ಬರು ಗೃಹಸ್ಥರು ಸಾಕ್ಷಿ ನುಡಿದ ಮೇಲೆ ಸೈಲಸ್‌ನನ್ನು ಡೋರ್ಕಾಸಳ ಪಕ್ಕದ ಕೋಣೆಯಲ್ಲಿ ಗೌರವಪೂರ್ವಕವಾಗಿ ಬಂಧಿಸಿದರು. ಜೆಬ್ ಕೋಳಿ ಬಿಟ್ಟ, ನಡತೆ ತಿದ್ದಿಕೊಂಡ. ಆದ್ದರಿಂದ ಚರ್ಚಿನಿಂದ ಬಿಡುಗಡೆ ಮಾಡಿ ಅವನನ್ನೂ ಸೆರೆಮನೆಗೆ ಸೇರಿಸಿಕೊಂಡರು.

ಈ ಸಂಗತಿಯನ್ನು ದಯವಿಟ್ಟು ನಿಮ್ಮ ಕಡೆಯವರಿಗೆಲ್ಲ ಹೇಳಿ, ಅವರೂ ಮುಂದಿನವರಿಗೆ ಹೇಳಲಿ. ಚಳಿಗಾಲದಲ್ಲಿ ಈ ದಾರಿಯಾಗಿ ಬಂದು ಪ್ರಾರ್ಥನೆಗೆ ಹೋಗಬಯಸುವವರು ಗೋಪುರ ನೋಡಿಕೊಂಡು ನಡೆಯಬೇಕು. ಗೊತ್ತಿಲ್ಲದೆ ಗೋಪುರವಿಲ್ಲದ ಹಳೆಯ ಚರ್ಚಿಗೆ ಹೋದವರ ಮೇಲೆ ಹೊರಗಿನಿಂದ ಬೀಗ ಬೀಳುತ್ತದೆ.